ಮಂಜುಗಡ್ಡೆ ಮೇಲೆ ನಿಂತ ರೇಡಾರ್ ಕಟ್ಟಡ: ಅದರ ಕಂಬ ಹೂತುಹೋಗದಂತೆ ಹೇಗೆ ನೋಡಿಕೊಂಡರು?

ಜಾಲಹಳ್ಳಿ ಹಳಬ:
ಎಲ್ಲರಿಗೂ ನಮಸ್ಕಾರ. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ರೇಡಾರ್ ಜೋಡಿಸುವ ಕೆಲಸ ಮಾಡಿ ರಿಟೈರ್ ಆದವನು. ನಿನ್ನೆ ಮೊಮ್ಮಗಳು ಒಂದು ಫೋಟೋ ತೋರಿಸಿದಳು. ಎಲ್ಲಿ ನೋಡಿದರೂ ಬಿಳಿ. ನಡುವೆ ಒಂದೇ ಒಂದು ಕಟ್ಟಡ, ತಲೆ ಮೇಲೆ ದೊಡ್ಡ ಗುಮ್ಮಟ, ಎರಡೂ ಪಕ್ಕ ದಪ್ಪ ಉಕ್ಕಿನ ಕಂಬಗಳು. ಗ್ರೀನ್‌ಲ್ಯಾಂಡಿನ ಡೈ-2 ಅಂತ ಹೆಸರು. ಅಮೆರಿಕದವರು ಕಟ್ಟಿ, ಆಮೇಲೆ ಬಿಟ್ಟುಹೋದ ರೇಡಾರ್ ಠಾಣೆ.

ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಕೆಳಗಿರುವುದು ನೆಲವಲ್ಲ. ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ, ಅದೂ ನಿಧಾನವಾಗಿ ಜರುಗುತ್ತಾ ಇರುತ್ತದೆ. ಮೇಲೆ ವರ್ಷ ವರ್ಷ ಹಿಮ ಬೀಳುತ್ತದೆ, ಕರಗುವುದು ಕಡಿಮೆ. ನಮ್ಮ ಕೆಲಸದಲ್ಲಿ ಆಂಟೆನಾ ಪೀಠ ಕೂದಲೆಳೆಯಷ್ಟು ವಾಲಿದರೂ ಎಲ್ಲ ಲೆಕ್ಕ ತಪ್ಪುತ್ತದೆ. ಇವರು ಅಲ್ಲಿ ಪಾಯ ಹಾಕಿದ್ದಾದರೂ ಯಾವುದಕ್ಕೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರದಿಕ್ಕು:
ಹಳಬರೇ, ನಾನಿರುವುದು ಎಡ್ಮಂಟನ್‌ನಲ್ಲಿ. ಇದು ನನ್ನ ಬಹಳ ವರ್ಷದ ಹುಚ್ಚು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಪಾಯ ಹಾಕಿ ಮರೆಯುವ ಹಾಗೇ ಇರಲಿಲ್ಲ. ಎಂಟು ಕಂಬ, ಒಂದೊಂದು ಪಕ್ಕ ನಾಲ್ಕು. ಕಟ್ಟಡ ಕಂಬದ ತುದಿ ಮೇಲೆ ಕೂತಿಲ್ಲ, ಕಂಬಗಳ ನಡುವೆ ನೇತುಹಾಕಿದ ಹಾಗಿದೆ. ಸುತ್ತ ಹಿಮ ಏರಿದಂತೆ ಹೈಡ್ರಾಲಿಕ್ ಜಾಕ್ ಕೊಟ್ಟು ಇಡೀ ಕಟ್ಟಡವನ್ನು ಮೇಲಕ್ಕೆ ಎತ್ತುವುದು, ಕಂಬಕ್ಕೆ ಮೇಲಿನಿಂದ ಇನ್ನೊಂದು ತುಂಡು ಸೇರಿಸುವುದು. ಒಂದು ಮೂಲೆ ಜಾಸ್ತಿ ಕುಸಿದರೆ ಆ ಕಡೆ ಜಾಕ್ ಜಾಸ್ತಿ ಎತ್ತಿ ಸಮ ಮಾಡುವುದು. ಒಳಗೆ ಜನ ಊಟ ಮಾಡುತ್ತಿರುತ್ತಾರೆ, ರೇಡಾರ್ ತಿರುಗುತ್ತಿರುತ್ತದೆ, ಕಟ್ಟಡ ಇಂಚಿಂಚಾಗಿ ಏರುತ್ತಿರುತ್ತದೆ.

ಹಾಗೆ ಎತ್ತುತ್ತಾ ಹೋದಂತೆ ಹಿಮದೊಳಗೆ ಹುದುಗಿದ ಕಂಬದ ಭಾಗ ಉದ್ದವಾಯಿತು. ಒಳಗಿನ ಒತ್ತಡಕ್ಕೆ ಅದು ಬಾಗಲು ಶುರುವಾಯಿತು. ಆಗ ಪಕ್ಕದಲ್ಲಿ ಹೊಸ ಪಾಯ ಮಾಡಿ ಇಡೀ ಕಟ್ಟಡವನ್ನೇ ಅಡ್ಡಕ್ಕೆ ಜಾರಿಸಿ ಅಲ್ಲಿ ನಿಲ್ಲಿಸಿದರು. ಡೈ-2 ಮತ್ತು ಡೈ-3 ಎರಡಕ್ಕೂ ಹೀಗೆ ಮಾಡಿದ್ದಾರೆ. ಡೈ-1 ಮತ್ತು ಡೈ-4 ಕರಾವಳಿಯಲ್ಲಿ ಕಲ್ಲಿನ ಮೇಲಿದ್ದವು, ಅವಕ್ಕೆ ಈ ಪಾಡಿರಲಿಲ್ಲ.

ಧಾರವಾಡದಾಕಿ:
ಮನಿ ಎತ್ತಿ ಬಾಜೂಕ ಇಡೋದಂದ್ರ ಏನ್ರೀ ಇದು! ಮತ್ತೊಮ್ಮೆ ಓದಿದೆ.

ಜಾಲಹಳ್ಳಿ ಹಳಬ:
ಉತ್ತರದಿಕ್ಕು ಅವರೇ, ತುಂಬಾ ಉಪಕಾರ ಆಯಿತು. ನೇತುಹಾಕಿದ್ದು ಅಂದಿರಲ್ಲ, ಅಲ್ಲೇ ನನಗೆ ಅರ್ಥವಾಯಿತು. ಪಾಯವನ್ನು ಸ್ಥಿರ ಮಾಡಲು ಆಗಲ್ಲ ಅಂತ ಮೊದಲೇ ಒಪ್ಪಿಕೊಂಡು, ದಿನಾ ಸರಿಪಡಿಸುವ ವ್ಯವಸ್ಥೆಯನ್ನೇ ಕಟ್ಟಡದೊಳಗೆ ಇಟ್ಟಿದ್ದಾರೆ. ದೊಡ್ಡ ಕೆಲಸ.

ಪ್ರಶ್ನೆಗಾರ:
ಎಲ್ಲ ಸರಿ, ಆದರೆ ಅಷ್ಟು ಕಷ್ಟಪಟ್ಟು ಅಲ್ಲೇ ಯಾಕೆ ಕಟ್ಟಬೇಕಿತ್ತು? ಮನುಷ್ಯರೇ ಇಲ್ಲದ ಜಾಗ.

ಸಹನಾ ಮೇಷ್ಟ್ರಮ್ಮ:
ಮನುಷ್ಯರೇ ಇಲ್ಲದ ಜಾಗ ಅನ್ನಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ಯಾಕೆ ಅಲ್ಲೇ ಅಂದರೆ ಗೋಡೆಗೆ ಹಾಕಿದ ಭೂಪಟ ಬಿಟ್ಟು ಗ್ಲೋಬ್ ನೋಡಿ. ನಾನು ತರಗತಿಯಲ್ಲಿ ದಾರ ಹಿಡಿದು ತೋರಿಸುತ್ತೇನೆ. ಭೂಪಟದಲ್ಲಿ ರಷ್ಯಾದಿಂದ ಅಮೆರಿಕಕ್ಕೆ ಹೋಗಲು ಇಡೀ ಅಟ್ಲಾಂಟಿಕ್ ದಾಟಬೇಕು ಅನ್ನಿಸುತ್ತದೆ. ಗ್ಲೋಬ್ ಮೇಲೆ ದಾರ ಎಳೆದರೆ ಅದು ನೇರ ಉತ್ತರ ಧ್ರುವದ ಹತ್ತಿರ ಹಾದು ಕೆನಡಾ ಮೇಲೆ ಇಳಿಯುತ್ತದೆ. ಸೋವಿಯತ್ ಒಕ್ಕೂಟ 1949ರ ಆಗಸ್ಟ್‌ನಲ್ಲಿ ಅಣುಬಾಂಬ್ ಸಿಡಿಸಿತು. ಅದನ್ನು ಹೊತ್ತು ಅಷ್ಟು ದೂರ ಹಾರುವ ಬಾಂಬರ್ ವಿಮಾನಗಳೂ ಸ್ವಲ್ಪ ವರ್ಷದಲ್ಲಿ ಬಂದವು. ಅಮೆರಿಕದ ಊರುಗಳಿಗೆ ಬಾಗಿಲು ಉತ್ತರದ ಕಡೆ ತೆರೆದಿತ್ತು. ಅಲ್ಲೊಂದು ಕಾವಲು ಬೇಕು ಅಂತ ಹೊರಟರು.

ಉತ್ತರದಿಕ್ಕು:
ಮೇಡಂ ಹೇಳಿದ್ದು ಸರಿ. ಒಂದೇ ಸಾಲು ಅಲ್ಲ, ಮೂರು ಸಾಲು ಇದ್ದವು. ಮೊದಲನೆಯದು ಪೈನ್‌ಟ್ರೀ ಲೈನ್, ಕೆನಡಾದ ದಕ್ಷಿಣದಲ್ಲಿ. ಅಲ್ಲಿ ವಿಮಾನ ಕಾಣುವ ಹೊತ್ತಿಗೆ ಊರು ಹತ್ತಿರ ಬಂದಿರುತ್ತದೆ. ಎರಡನೆಯದು ಮಿಡ್-ಕೆನಡಾ ಲೈನ್, 55ನೇ ಅಕ್ಷಾಂಶದ ಸುತ್ತ. ಮೂರನೆಯದೇ ಡ್ಯೂ ಲೈನ್. ದೂರದಿಂದಲೇ ಮೊದಲು ಎಚ್ಚರಿಸುವ ಸಾಲು. ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 300 ಕಿ.ಮೀ. ಮೇಲೆ, ಅಲಾಸ್ಕಾದಿಂದ ಬ್ಯಾಫಿನ್ ದ್ವೀಪದವರೆಗೆ. 1952ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕೂತ ವಿಜ್ಞಾನಿಗಳ ಗುಂಪೊಂದು ಇದು ಸಾಧ್ಯ ಅಂದಿತು. ಕೆನಡಾ-ಅಮೆರಿಕ ಒಪ್ಪಂದ ಆಗಿದ್ದು 1955ರ ಮೇನಲ್ಲಿ, ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. 1957ರ ಬೇಸಿಗೆಗೆ ಠಾಣೆಗಳು ಕೆಲಸ ಶುರುಮಾಡಿದವು. ಎರಡೂವರೆ ವರ್ಷದಲ್ಲಿ ಅಷ್ಟುದ್ದ! ಗ್ರೀನ್‌ಲ್ಯಾಂಡಿನ ಡೈ ಠಾಣೆಗಳು ಆಮೇಲೆ ಸೇರಿದ್ದು.

ಕಡಲ ಮಗ:
ಎರಡೂವರೆ ವರ್ಷ ಅಂತ ಹೇಳುವಾಗ ಸುಲಭ ಮಾರಾಯ್ರೆ. ಅಲ್ಲಿ ಹಡಗು ಹೋಗಲು ಆಗುವುದು ವರ್ಷಕ್ಕೆ ಕೆಲವೇ ವಾರ. ನಾನು ಮರ್ಚೆಂಟ್ ಹಡಗಿನಲ್ಲಿ ಇಂಜಿನ್ ರೂಮಿನಲ್ಲಿ ಇದ್ದವ. ಒಮ್ಮೆ ಬಾಲ್ಟಿಕ್‌ನಲ್ಲಿ ತೆಳು ಮಂಜಿನ ನಡುವೆ ಹೋಗಿದ್ದೇವೆ. ಹಡಗಿನ ಪಕ್ಕೆಗೆ ಮಂಜು ಉಜ್ಜುವ ಸದ್ದು ಕೆಳಗೆ ನಮಗೆ ಹೇಗೆ ಕೇಳುತ್ತಿತ್ತು ಅಂದರೆ, ದೊಡ್ಡ ಬಂಡೆಯನ್ನು ತಗಡಿನ ಮೇಲೆ ಎಳೆದ ಹಾಗೆ. ಎರಡು ದಿನ ನಿದ್ದೆ ಇಲ್ಲ. ಅದು ತೆಳು ಮಂಜು!

ಇವರು 1955ರ ಒಂದೇ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ಹಡಗು ಕಳಿಸಿದ್ದಾರೆ. ಹಡಗು ಒಳಗೆ ಹೋಗಿ, ಹಿಂದಿನಿಂದ ಮಂಜು ಮುಚ್ಚಿಕೊಂಡರೆ ಏನು ಕಥೆ? ಅದಕ್ಕೇ 1957ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡಿನ ಸ್ಪಾರ್, ಬ್ರಾಂಬಲ್, ಸ್ಟೋರಿಸ್ ಅಂತ ಮೂರು ಹಡಗು, ಕೆನಡಾದ ಉತ್ತರದಲ್ಲಿ ಪೆಸಿಫಿಕ್‌ನಿಂದ ಅಟ್ಲಾಂಟಿಕ್‌ಗೆ ಹೋಗುವ ವಾಯವ್ಯ ಜಲಮಾರ್ಗವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದವು. ಸಾಮಾನು ಹಡಗುಗಳಿಗೆ ತಪ್ಪಿಸಿಕೊಳ್ಳಲು ದಾರಿ ಉಂಟಾ ಅಂತ ಹುಡುಕಲು ಹೋದದ್ದು. ಕೆನಡಾದ ಲ್ಯಾಬ್ರಡಾರ್ ಹಡಗು ಆ ಕಡೆಯಿಂದ ಬಂದು ಸಹಾಯ ಮಾಡಿತು. ಶತಮಾನಗಟ್ಟಲೆ ಜನ ಸತ್ತು ಹುಡುಕಿದ ಜಲಮಾರ್ಗ ಅದು. ಇಂಥದ್ದನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗುಮ್ಮಟ ಮಾತ್ರ ಕಾಣುತ್ತದೆ.

ಹಿಮಾಲಯ ಫೌಜಿ:
ಸಾರ್, ನಾನು ವಿಜಯಪುರ ಕಡೆಯವನು. ಲಡಾಖ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ, ಜನರೇಟರ್ ನೋಡಿಕೊಳ್ಳುವ ಕೆಲಸ. ಜಾಗ ಹೇಳಲ್ಲ. ಮೈನಸ್ ಮೂವತ್ತರಲ್ಲಿ ಮಾಮೂಲಿ ಡೀಸೆಲ್ ಮೇಣದ ಹಾಗೆ ಗಟ್ಟಿಯಾಗುತ್ತದೆ. ಗ್ರೀಸ್ ಕಲ್ಲಾಗುತ್ತದೆ. ಮೊದಲ ವಾರ ಅವಸರದಲ್ಲಿ ಗ್ಲೌಸ್ ತೆಗೆದು ಪಾನಾ ಹಿಡಿದೆ. ಬೆರಳು ಅಂಟಿಕೊಂಡಿತು. ಹವಾಲ್ದಾರ್ ಸಾಹೇಬರು ಎಳೆಯಬೇಡ ಅಂತ ಕೂಗಿ, ಅದರ ಮೇಲೆ ಉಗುರುಬೆಚ್ಚಗಿನ ಚಹಾ ಸುರಿದರು. ಆದರೂ ಎರಡು ಬೆರಳಿನ ಚರ್ಮ ಹೋಯಿತು. ಈಗಲೂ ಅಲ್ಲಿ ತಣ್ಣಗೆ ತಾಗಿದರೆ ಚುರ್ರೆನ್ನುತ್ತದೆ.

ಅಲ್ಲಿ ಇಂಜಿನ್ ಒಮ್ಮೆ ನಿಂತರೆ ಮತ್ತೆ ಶುರು ಮಾಡುವುದೇ ಯುದ್ಧ. ಜನರೇಟರ್ ನಿಂತರೆ ರೇಡಾರ್ ಅಷ್ಟೇ ಅಲ್ಲ, ಮನುಷ್ಯರೂ ನಿಂತ ಹಾಗೆ. ನಮಗೆ ಬೇಸಿಗೆ ಅಂತ ಒಂದು ಬರುತ್ತದೆ, ಕೆಳಗೆ ಊರಿದೆ. ಆ ಆರ್ಕ್ಟಿಕ್ ಠಾಣೆಗಳಲ್ಲಿ ಎಷ್ಟು ಜನ ಇರುತ್ತಿದ್ದರು?

ಉತ್ತರದಿಕ್ಕು:
ಫೌಜಿ ಅಣ್ಣ, ಓದಿ ಬೆರಳು ಮಡಚಿಕೊಂಡೆ.

ಠಾಣೆ ಮೂರು ಥರ. ಮುಖ್ಯ ಠಾಣೆ, ಸಹಾಯಕ ಠಾಣೆ, ನಡುವಿನ ಸಣ್ಣ ಠಾಣೆ. ಸಣ್ಣದರಲ್ಲಿ ಒಬ್ಬ ಮುಖ್ಯಸ್ಥ, ಒಬ್ಬ ಮೆಕ್ಯಾನಿಕ್, ಒಬ್ಬ ಅಡುಗೆಯವ. ಹೆಚ್ಚುಕಮ್ಮಿ ಅಷ್ಟೇ ಜನ. ಹೆಚ್ಚಿನವರು ಸೈನಿಕರಲ್ಲ, ಕಂಪನಿಯ ನೌಕರರು. 18 ತಿಂಗಳ ಕರಾರು. ರೇಡಾರ್ ನೋಡುವವರಿಗೆ ರೇಡಿಶಿಯನ್ ಅಂತಲೇ ಹೆಸರು ಬಿದ್ದಿತ್ತು. ವಾಸಕ್ಕೆ ಪೆಟ್ಟಿಗೆಯಂಥ ಕೋಣೆಗಳನ್ನು ರೈಲು ಬೋಗಿ ಥರ ಸಾಲಾಗಿ ಜೋಡಿಸಿದ್ದರು. ಎಲ್ಲರಿಗೂ ಅತಿ ಹೆಚ್ಚು ಭಯ ಇದ್ದದ್ದು ಚಳಿಗಲ್ಲ, ಬೆಂಕಿಗೆ. ಸುತ್ತ ಅಷ್ಟು ಹಿಮವಿದ್ದರೂ ಆರಿಸಲು ಹರಿಯುವ ನೀರಿಲ್ಲ. ಮನೆ ಸುಟ್ಟರೆ ಹೊರಗೆ ನಿಲ್ಲುವ ಹಾಗಿಲ್ಲ.

ಜಾಲಹಳ್ಳಿ ಹಳಬ:
ಯಂತ್ರದ ವಿಷಯ ನಾನು ಸ್ವಲ್ಪ ಸೇರಿಸುತ್ತೇನೆ, ಇಲ್ಲದಿದ್ದರೆ ಸಮಾಧಾನ ಆಗಲ್ಲ. ದೊಡ್ಡ ಠಾಣೆಗಳಲ್ಲಿದ್ದದ್ದು ಎಫ್‌ಪಿಎಸ್-19. ಒಂದೇ ಗುಮ್ಮಟದೊಳಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಆಂಟೆನಾ. ಒಂದು ಕೆಳಗಿನ ಆಕಾಶಕ್ಕೆ, ಒಂದು ಮೇಲಿನ ಆಕಾಶಕ್ಕೆ. ಗುಮ್ಮಟ ಅಂದಕ್ಕಲ್ಲ, ಆ ಗಾಳಿಯಲ್ಲಿ ಬರೀ ಆಂಟೆನಾ ನಿಲ್ಲದು.

ಆದರೆ ಭೂಮಿ ಗುಂಡಗಿದೆ. ಎರಡು ರೇಡಾರ್ ನಡುವೆ ತೀರಾ ಕೆಳಗೆ ಹಾರುವ ವಿಮಾನ ನುಸುಳಿಬಿಡಬಹುದು. ಅದಕ್ಕೇ ನಡುವಿನ ಸಣ್ಣ ಠಾಣೆಗಳು. ಒಂದು ಕಡೆಯಿಂದ ಅಲೆ ಬಿಡುವುದು, ಇನ್ನೊಂದು ಕಡೆ ಹಿಡಿಯುವುದು. ನಡುವೆ ಏನಾದರೂ ಹಾದರೆ ಅಲೆ ಕದಲುತ್ತದೆ. ಹೊಲದ ಸುತ್ತ ತಂತಿ ಕಟ್ಟಿ ಗಂಟೆ ನೇತುಹಾಕಿದ ಹಾಗೆ. ದಾಟಿದ್ದು ಗೊತ್ತಾಗುತ್ತದೆ, ಏನು ದಾಟಿತು ಅಂತ ಗೊತ್ತಾಗಲ್ಲ.

ಧಾರವಾಡದಾಕಿ:
ಅಂದ್ರ ಹಕ್ಕಿ ಹಾರಿದ್ರೂ ಗಂಟಿ ಬಾರಸ್ತಿತ್ತೇನು?

ಉತ್ತರದಿಕ್ಕು:
ಹೌದು ಅಕ್ಕಾ, ನಿಜವಾಗಿಯೂ! ಮಿಡ್-ಕೆನಡಾ ಲೈನ್ ಪೂರ್ತಿ ಇದೇ ಥರದ ತಂತಿಬೇಲಿ. ವಲಸೆ ಹೋಗುವ ಹಕ್ಕಿಗಳ ಕಾಲದಲ್ಲಿ ಸುಳ್ಳು ಎಚ್ಚರಿಕೆ ಬಂದು ಬಂದು ಸಾಕಾಗಿತ್ತು. 1965ರಲ್ಲಿ ಅದನ್ನು ಮುಚ್ಚಿದರು. ಡ್ಯೂ ಲೈನಿನ 28 ಸಣ್ಣ ಠಾಣೆಗಳನ್ನಂತೂ 1963ರಲ್ಲೇ ಮುಚ್ಚಿದ್ದರು.

ಪ್ರಶ್ನೆಗಾರ:
ನೋಡಿ, ನಾನು ಹೇಳಬೇಕೆಂದಿದ್ದೂ ಅದೇ. 1957ರ ಬೇಸಿಗೆಯಲ್ಲಿ ಶುರು, ಅದೇ ವರ್ಷ ಅಕ್ಟೋಬರ್ 4ಕ್ಕೆ ಸ್ಪುಟ್ನಿಕ್ ಹಾರಿತು. ಉಪಗ್ರಹ ಹಾರಿಸುವ ರಾಕೆಟ್ ಇದ್ದರೆ ಬಾಂಬೂ ಅದರಲ್ಲೇ ಬರುತ್ತದೆ. ಕ್ಷಿಪಣಿಯನ್ನು ಈ ರೇಡಾರ್ ಹಿಡಿಯಲ್ಲ. ಎರಡು ತಿಂಗಳಲ್ಲಿ ಹಳತಾದ ಬೇಲಿಗೆ ಅಷ್ಟು ದುಡ್ಡು, ಅಷ್ಟು ಜನರ ಕಷ್ಟ. ಇನ್ನೊಂದು, ಚಂದ್ರನನ್ನು ನೋಡಿ ಕ್ಷಿಪಣಿ ಅಂದುಕೊಂಡಿದ್ದೂ ಇದೇ ಡ್ಯೂ ಲೈನ್ ಅಲ್ವಾ?

ಜಾಲಹಳ್ಳಿ ಹಳಬ:
ಚಂದ್ರನ ವಿಷಯ ತಪ್ಪು ಹೇಳುತ್ತಿದ್ದೀರಿ. ಅದು ಡ್ಯೂ ಲೈನ್ ಅಲ್ಲ, ಗ್ರೀನ್‌ಲ್ಯಾಂಡಿನ ಥೂಲೆ ಅನ್ನುವ ಅಮೆರಿಕದ ವಾಯುನೆಲೆಯಲ್ಲಿದ್ದ ಬಿಮ್ಯೂಸ್ ರೇಡಾರ್. ನೀವು ಹೇಳುವ ಕ್ಷಿಪಣಿಗಾಗಿಯೇ ಕಟ್ಟಿದ್ದು. 1960ರ ಅಕ್ಟೋಬರ್ 5. ಹೊಸ ರೇಡಾರ್, ಕೆಲಸ ಶುರುವಾಗಿ ಕೆಲವೇ ದಿನ. ನಾರ್ವೆ ಕಡೆಯಿಂದ ಚಂದ್ರ ಮೇಲೆ ಬಂದ. ಇವರ ಅಲೆ ಅಷ್ಟು ದೂರ ಹೋಗಿ ಚಂದ್ರನಿಗೆ ಬಡಿದು ವಾಪಸ್ ಬಂತು. ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡ್. ಅಷ್ಟು ತಡವಾಗಿ ಬಂದ ಪ್ರತಿಧ್ವನಿಯನ್ನು ಕಂಪ್ಯೂಟರ್ ಹತ್ತಿರದ್ದು ಅಂತ ಎಣಿಸಿ, ಕ್ಷಿಪಣಿ ದಾಳಿ ಖಚಿತ ಅಂತ ತೋರಿಸಿತು. ಚಂದ್ರನಿಂದಲೂ ಪ್ರತಿಧ್ವನಿ ಬರಬಹುದು ಅಂತ ಮಾಡಿದವರು ಲೆಕ್ಕಕ್ಕೆ ತಗೊಂಡಿರಲಿಲ್ಲ.

ಅಮೆರಿಕ-ಕೆನಡಾ ಸೇರಿ ನಡೆಸುವ ವಾಯುರಕ್ಷಣಾ ಸಂಸ್ಥೆ ನೊರಾಡ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ಕೆನಡಾದ ಅಧಿಕಾರಿ ರಾಯ್ ಸ್ಲೆಮನ್ ಆಗ ಸೋವಿಯತ್ ನಾಯಕ ಕ್ರುಶ್ಚೇವ್ ಎಲ್ಲಿದ್ದಾರೆ ಅಂತ ಕೇಳಿದರು. ನ್ಯೂಯಾರ್ಕಿನಲ್ಲೇ ಇದ್ದರು, ವಿಶ್ವಸಂಸ್ಥೆಗೆ ಬಂದಿದ್ದರು. ಸ್ವಂತ ನಾಯಕ ಇರುವ ಊರಿನ ಮೇಲೆ ಯಾರು ಬಾಂಬ್ ಹಾಕುತ್ತಾರೆ? ಆ ಒಂದು ಪ್ರಶ್ನೆ ಕೇಳುವ ಮನುಷ್ಯ ಅಲ್ಲಿ ಇದ್ದದ್ದು ನಮ್ಮೆಲ್ಲರ ಪುಣ್ಯ.

ಹಿಮಾಲಯ ಫೌಜಿ:
ರೋಮಾಂಚನ ಆಯಿತು ಸಾರ್. ಪರದೆ ಮುಂದೆ ಕೂತವನ ಎದೆ ಹೇಗೆ ಹೊಡೆದುಕೊಂಡಿರಬೇಕು.

ಉತ್ತರದಿಕ್ಕು:
ಪ್ರಶ್ನೆಗಾರ, ವ್ಯರ್ಥ ಅನ್ನುವುದನ್ನು ನಾನು ಒಪ್ಪಲ್ಲ. ಕ್ಷಿಪಣಿ ಬಂತು ಅಂತ ಬಾಂಬರ್ ವಿಮಾನಗಳು ಮಾಯವಾಗಲಿಲ್ಲ, ರಷ್ಯಾದ ಟಿಯು-95 ಇವತ್ತಿಗೂ ಹಾರುತ್ತಿದೆ. ಕಾವಲುಗಾರ ಕಳ್ಳನನ್ನು ಹಿಡಿಯಲಿಲ್ಲ ಅಂತ ಕಾವಲು ವ್ಯರ್ಥ ಅನ್ನೋಕೆ ಆಗುತ್ತಾ? ವ್ಯರ್ಥ ಆಗಿದ್ದರೆ 1985ರಲ್ಲಿ ಇದರ ಜಾಗಕ್ಕೆ ನಾರ್ತ್ ವಾರ್ನಿಂಗ್ ಸಿಸ್ಟಮ್ ಅಂತ ಹೊಸ ಸಾಲಿಗೆ ಒಪ್ಪಂದ ಮಾಡಿಕೊಳ್ಳುತ್ತಿರಲಿಲ್ಲ. ಅದರ ರೇಡಾರ್‌ಗಳು ಜನರಿಲ್ಲದೆ ತಾವೇ ಓಡುತ್ತವೆ.

ಪ್ರಶ್ನೆಗಾರ:
ಕಾವಲಿನ ಮಾತು ಒಪ್ಪುತ್ತೇನೆ. ಚಂದ್ರನ ತಪ್ಪು ತಿದ್ದಿದ್ದಕ್ಕೆ ಹಳಬರಿಗೆ ಥ್ಯಾಂಕ್ಸ್. ಆದರೆ ಅವಸರದಲ್ಲಿ ಕಟ್ಟಿದ್ದರ ಬೆಲೆ ಯಾರು ಕೊಟ್ಟರು ಅನ್ನುವ ನನ್ನ ಪ್ರಶ್ನೆ ಹಾಗೇ ಉಳಿದಿದೆ.

ಸಹನಾ ಮೇಷ್ಟ್ರಮ್ಮ:
ಅಲ್ಲಿದ್ದ ಜನ ಕೊಟ್ಟರು. ಈಗ ಆ ಮಾತಿಗೆ ಬರುತ್ತೇನೆ.

ಥೂಲೆ ನೆಲೆಯ ಪಕ್ಕ ಉಮ್ಮಾನ್ನಾಕ್ ಅಂತ ಊರಿತ್ತು. ಇನುಗುವಿಟ್ ಜನ, ಬೇಟೆಯೇ ಬದುಕು. 1953ರಲ್ಲಿ ನೆಲೆ ದೊಡ್ಡದು ಮಾಡಲು ಅವರನ್ನು ಕೆಲವೇ ದಿನಗಳ ಗಡುವು ಕೊಟ್ಟು ಎಬ್ಬಿಸಿದರು. ನೂರು ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ, ಕಾನಾಕ್ ಅನ್ನುವ ಕಡೆಗೆ. ನಾಯಿಬಂಡಿ ಕಟ್ಟಿಕೊಂಡು ಹೊರಟರು. ಅವರಿಗಾಗಿ ಮನೆಗಳು ಇನ್ನೂ ಕಟ್ಟಿರಲಿಲ್ಲ, ಮೊದಲ ತಿಂಗಳುಗಳು ಡೇರೆಯಲ್ಲಿ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿಗೆ ಸೇರಿದ್ದು. ಆ ಡೆನ್ಮಾರ್ಕ್ ಸರ್ಕಾರ ದಶಕಗಳ ಕಾಲ ಇದನ್ನು ಅವರೇ ಒಪ್ಪಿ ಹೋದದ್ದು ಅಂತಲೇ ಹೇಳಿತು. 1999ರಲ್ಲಿ ಡೆನ್ಮಾರ್ಕಿನ ನ್ಯಾಯಾಲಯ ಇದು ಬಲವಂತ ಅಂತ ತೀರ್ಪು ಕೊಟ್ಟಿತು, ಪ್ರಧಾನಿ ಕ್ಷಮೆ ಕೇಳಿದರು. ಊರಿಗೆಲ್ಲ ಸೇರಿ ಸಿಕ್ಕ ಪರಿಹಾರ 5 ಲಕ್ಷ ಕ್ರೋನರ್. ಊರು ವಾಪಸ್ ಸಿಗಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅಷ್ಟೇ ಸಾಕು ಅಂದಿತು.

ನಮ್ಮಲ್ಲಿ ಅಣೆಕಟ್ಟಿಗೆ ಊರು ಬಿಟ್ಟವರ ಮನೆ ಮಗಳು ನಾನು. ಅಜ್ಜಿ ಸಾಯುವವರೆಗೂ ಹಳೇ ಊರಿನ ಬಾವಿಯ ನೀರಿನ ಮಾತಾಡುತ್ತಿದ್ದಳು. ಅದಕ್ಕೇ ಖಾಲಿ ಜಾಗ ಅಂದಾಗ ನನಗೆ ತಡೆಯಲಾಗಲ್ಲ.

ಪ್ರಶ್ನೆಗಾರ:
ಮೇಡಂ, ಮನುಷ್ಯರೇ ಇಲ್ಲ ಅಂದಿದ್ದು ನನ್ನ ತಪ್ಪು. ಕ್ಷಮಿಸಿ.

ಕಡಲ ಮಗ:
ನಾವು ಹಡಗಿನವರು ಇಂಥದ್ದು ಎಷ್ಟೋ ಕಡೆ ನೋಡಿದ್ದೇವೆ ಅಮ್ಮಾ. ಬಂದರು ಬರುತ್ತದೆ, ಮೀನುಗಾರರ ಕೇರಿ ಹೋಗುತ್ತದೆ.

ಉತ್ತರದಿಕ್ಕು:
ಕೆನಡಾ ಕಡೆಯ ಕಥೆ ಸ್ವಲ್ಪ ಬೇರೆ, ಅದೂ ನೋವಿನದ್ದೇ. ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನ ಕೆಲಸಕ್ಕಾಗಿ ಠಾಣೆಗಳ ಸುತ್ತ ಬಂದು ನೆಲೆಸಿದರು. ಈಗ ಸನಿರಜಕ್ ಅನ್ನುವ ಊರು, ಮೊದಲು ಹಾಲ್ ಬೀಚ್, ಬೆಳೆದದ್ದೇ ಫಾಕ್ಸ್-ಮೇನ್ ಠಾಣೆಯ ಪಕ್ಕ. ಬಿಸಾಡಿದ ಪೆಟ್ಟಿಗೆ ಹಲಗೆಗಳಲ್ಲಿ ಮನೆ ಕಟ್ಟಿಕೊಂಡವರಿದ್ದರು. ಒಂದೇ ತಲೆಮಾರಿನಲ್ಲಿ ಬೇಟೆಯ ಬದುಕಿನಿಂದ ಸಂಬಳದ ಬದುಕಿಗೆ.

ನಾನು ಕೆಲವು ವರ್ಷದ ಹಿಂದೆ ಕೆಲಸದ ಮೇಲೆ ಕೇಂಬ್ರಿಜ್ ಬೇಗೆ ಹೋಗಿದ್ದೆ. ಅಲ್ಲಿಯವರು ಇಕಾಲುಕ್ಟುಟ್ಟಿಯಾಕ್ ಅನ್ನುತ್ತಾರೆ, ಮೀನು ಚೆನ್ನಾಗಿ ಸಿಗುವ ಜಾಗ ಅಂತ ಅರ್ಥ. ಊರಿನ ಹಿರಿಯರೊಬ್ಬರು ಮೀನು ಸೀಳಿ ಒಣಹಾಕುತ್ತಾ, ಚಿಕ್ಕವನಿದ್ದಾಗ ಠಾಣೆಯ ಖಾಲಿ ಡ್ರಮ್ಮುಗಳ ಮೇಲೆ ಹತ್ತಿ ಕುಣಿಯುತ್ತಿದ್ದೆವು, ಒಳಗೆ ಏನಿತ್ತು ಅಂತ ಯಾರೂ ಹೇಳಿರಲಿಲ್ಲ ಅಂದರು. ಮಾತಾಡುವಾಗ ಕೈ ನಿಲ್ಲಲಿಲ್ಲ. ಒಂದೊಂದು ಮೀನಿಗೂ ಬಾಲದ ಹತ್ತಿರ ಬಿಡಿಸದೆ ಬಿಟ್ಟು ಕೋಲಿಗೆ ಜೋತುಹಾಕುತ್ತಿದ್ದರು.

ಜಾಲಹಳ್ಳಿ ಹಳಬ:
ಆ ಡ್ರಮ್ಮಿನಲ್ಲಿ ಏನಿತ್ತು ಅಂತ ನಾನು ಊಹಿಸಬಲ್ಲೆ. ಹಳೇ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳಲ್ಲಿ ಪಿಸಿಬಿ ಅನ್ನುವ ವಿಷಕಾರಿ ರಾಸಾಯನಿಕ ಎಣ್ಣೆ ಹಾಕುತ್ತಿದ್ದರು. ಬೆಂಕಿ ಹತ್ತಲ್ಲ ಅಂತ ಅದು ಒಳ್ಳೆಯದು ಅನ್ನುವ ಕಾಲ. ನಾವೂ ಹಳೇ ಉಪಕರಣ ಬಿಚ್ಚುವಾಗ ಆ ಥರದ ಎಣ್ಣೆಯನ್ನು ಬರಿಗೈಯಲ್ಲಿ ಒರೆಸಿದ್ದೇವೆ.

ಪ್ರಶ್ನೆಗಾರ:
ಅಲ್ಲಿನ ತಾಯಂದಿರ ಎದೆಹಾಲಿನಲ್ಲೂ ಪಿಸಿಬಿ ಸಿಕ್ಕಿತ್ತು ಅಂತ ಓದಿದ್ದೇನೆ. ಎಲ್ಲ ಈ ರೇಡಾರ್‌ಗಳಿಂದಲೇ ತಾನೆ?

ಉತ್ತರದಿಕ್ಕು:
ಸಿಕ್ಕಿದ್ದು ನಿಜ, ಎಲ್ಲ ರೇಡಾರ್‌ಗಳಿಂದ ಅನ್ನುವುದು ಸರಿಯಲ್ಲ. ಹೆಚ್ಚಿನದು ದಕ್ಷಿಣದ ಕಾರ್ಖಾನೆಗಳಿಂದ ಗಾಳಿಯಲ್ಲಿ, ಸಮುದ್ರದಲ್ಲಿ ಬಂದು ಅಲ್ಲಿನ ಮೀನು, ಸೀಲ್‌ಗಳ ಕೊಬ್ಬಿನಲ್ಲಿ ಸೇರಿಕೊಂಡದ್ದು. ಠಾಣೆಗಳ ಸುತ್ತಲಿನ ಮಣ್ಣು, ಗಿಡಗಳಲ್ಲಿ ಮಾತ್ರ ಠಾಣೆಯದೇ ವಿಷ. ಗೋಡೆಗೆ ಬಳಿದ ಬಣ್ಣದಲ್ಲೂ ಪಿಸಿಬಿ ಇತ್ತು.

ಕೆನಡಾ ಸೇನೆ 21 ಠಾಣೆಗಳನ್ನು ಶುಚಿ ಮಾಡಿತು. ಕೆಲಸ 1996ರಿಂದ ಹೆಚ್ಚುಕಮ್ಮಿ ಎರಡು ದಶಕ ನಡೆಯಿತು. ಕಟ್ಟಲು ಎರಡೂವರೆ ವರ್ಷ, ತೊಳೆಯಲು ಅಷ್ಟು. ವಿಷ ಜಾಸ್ತಿ ಇದ್ದ ಮಣ್ಣನ್ನು ತುಂಬಿ ಹಡಗಿನಲ್ಲಿ ದಕ್ಷಿಣಕ್ಕೆ ಸಾಗಿಸಿದರು. ಖರ್ಚು 50 ಕೋಟಿ ಕೆನಡಾ ಡಾಲರ್‌ಗೂ ಮೇಲೆ. ಅಮೆರಿಕ ಕೊಟ್ಟದ್ದು 10 ಕೋಟಿ ಡಾಲರ್, ಅದೂ ನಗದಲ್ಲ. ಅವರಿಂದಲೇ ಸೇನಾ ಸಾಮಾನು ಕೊಳ್ಳಲು ರಿಯಾಯಿತಿ. ಅದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ಕಡಲ ಮಗ:
ಮಣ್ಣು ತುಂಬಿದ್ದೂ ಹಡಗಿಗೇ ಅಲ್ವಾ! ತಂದವರೂ ನಾವೇ, ತೆಗೆದುಕೊಂಡು ಹೋದವರೂ ನಾವೇ.

ಧಾರವಾಡದಾಕಿ:
ಆ ಎತ್ತಿ ಎತ್ತಿ ಇಟ್ಟ ಮನಿ ಈಗ ಏನಾಗೇದ?

ಉತ್ತರದಿಕ್ಕು:
ಡೈ-2 ಅನ್ನು 1988ರಲ್ಲಿ ಬಿಟ್ಟರು. ಕಟ್ಟಡ ತಡೆಯಲಿಕ್ಕಿಲ್ಲ ಅಂತ ಇಂಜಿನಿಯರುಗಳಿಗೆ ಭಯ ಬಂದಿತ್ತು. ಅವಸರದಲ್ಲಿ ಹೊರಟರು, ಸಾಮಾನು ಎಷ್ಟೋ ಹಾಗೇ ಉಳಿಯಿತು. ಈಗ ಜಾಕ್ ಕೊಡುವವರಿಲ್ಲ, ಹಿಮ ಏರುತ್ತಲೇ ಇದೆ.

ಡೈ-3ರದ್ದು ಇನ್ನೊಂದು ಥರ. ಅದರ ಪಕ್ಕದಲ್ಲೇ ವಿಜ್ಞಾನಿಗಳು ಮಂಜುಗಡ್ಡೆ ಕೊರೆದರು. 1981ರಲ್ಲಿ 2,037 ಮೀಟರ್ ಇಳಿದು ತಳದ ಬಂಡೆ ಮುಟ್ಟಿದರು. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ ಅವರ ತಂಡ ಅದರಲ್ಲಿತ್ತು. ಹಳೇ ಕಾಲದ ಹವಾಮಾನ ಕೆಲವೇ ದಶಕಗಳಲ್ಲಿ ಜೋರಾಗಿ ಬದಲಾಗಿತ್ತು ಅಂತ ಗೊತ್ತಾಗಲು ಆ ಮಂಜಿನ ಕೋಲುಗಳೂ ಕಾರಣ. ರೇಡಾರ್ ಠಾಣೆಗೆ ವಿಮಾನ, ಊಟ, ಕರೆಂಟ್ ಬರುತ್ತಿತ್ತು, ಅದಕ್ಕೇ ಅಲ್ಲಿ ಕೊರೆಯಲು ಆಯಿತು.

ಸಹನಾ ಮೇಷ್ಟ್ರಮ್ಮ:
ಇದನ್ನು ನಾಳೆಯೇ ಮಕ್ಕಳಿಗೆ ಹೇಳುತ್ತೇನೆ.

ಹಿಮಾಲಯ ಫೌಜಿ:
ಹಳಬರೇ, ನಿಮ್ಮ ಊರಿನಲ್ಲೇ ಮಾಡಿದ ರೇಡಾರ್ ನಮ್ಮ ಬೆಟ್ಟಗಳಿಗೂ ಬರುತ್ತದೆ ಅಲ್ವಾ ಸಾರ್? ಅಶ್ಲೇಷಾ ಅಂತ.

ಜಾಲಹಳ್ಳಿ ಹಳಬ:
ಹೌದಪ್ಪ. ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ವಿನ್ಯಾಸ, ಬಿಇಎಲ್ ತಯಾರಿ, ಎರಡೂ ಬೆಂಗಳೂರು. ಬಿಚ್ಚಿ ತುಂಡು ತುಂಡಾಗಿ ಹೊತ್ತೊಯ್ದು ಬೆಟ್ಟದ ಮೇಲೆ ಜೋಡಿಸುವ ಹಾಗೆ ಮಾಡಿದ್ದು. ದಪ್ಪ ಗ್ಲೌಸ್ ಹಾಕಿದ ಕೈಗೆ ಸಿಗದ ನಟ್ಟು ಇದ್ದರೆ ಯಂತ್ರ ಎಷ್ಟು ಚೆನ್ನಾಗಿದ್ದರೂ ಬೆಟ್ಟದಲ್ಲಿ ಉಪಯೋಗವಿಲ್ಲ. ನಿನ್ನ ಬೆರಳಿನ ಕಥೆ ಓದಿದ ಮೇಲೆ ಅದನ್ನೇ ಯೋಚಿಸುತ್ತಿದ್ದೇನೆ.

ಪ್ರಶ್ನೆಗಾರ:
ಈಗ ಮತ್ತೆ ಅಲ್ಲೇನೋ ಹೊಸ ರೇಡಾರ್ ಬರುತ್ತಿದೆಯಂತೆ?

ಉತ್ತರದಿಕ್ಕು:
2025ರ ಮಾರ್ಚ್‌ನಲ್ಲಿ ಕೆನಡಾ ಪ್ರಧಾನಿ ಉತ್ತರದ ಇಕಾಲುಯಿಟ್ ಊರಿಗೆ ಹೋಗಿ ಹೇಳಿದರು. ಆಸ್ಟ್ರೇಲಿಯಾದ ತಂತ್ರಜ್ಞಾನ, ದಿಗಂತದಾಚೆ ನೋಡುವ ರೇಡಾರ್. ಅಲೆಯನ್ನು ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ, ಅಂದರೆ ಅಯಾನುಗೋಳಕ್ಕೆ ಬಡಿಸಿ ಆಚೆ ಇಳಿಸುವುದು. ಮೊದಲ ಠಾಣೆ ದಕ್ಷಿಣ ಒಂಟಾರಿಯೊದಲ್ಲಿ. ಹಿಮದ ನಡುವೆ ಕೂರುವ ಅಗತ್ಯವೇ ಇಲ್ಲ.

ಜಾಲಹಳ್ಳಿ ಹಳಬ:
ತಡೀರಿ. ಉತ್ತರದಲ್ಲಿ ಧ್ರುವಪ್ರಭೆ ಎದ್ದರೆ ಅಯಾನುಗೋಳ ಕದಡಿಹೋಗುತ್ತದೆ. ಅಲ್ಲಿ ಮಾಮೂಲಿ ರೇಡಿಯೋ ದಿನಗಟ್ಟಲೆ ಸತ್ತುಹೋಗುತ್ತದೆ ಅಂತಲೇ ಡ್ಯೂ ಲೈನ್‌ನವರು ವಾತಾವರಣದ ಕೆಳಪದರದಿಂದ ಅಲೆ ಚದುರಿಸಿ ಮಾತಾಡುತ್ತಿದ್ದರು. ಅದಕ್ಕೇ ಅಲ್ಲವೇ ಠಾಣೆ ಠಾಣೆಗೂ ಆ ಅಗಲ ತಟ್ಟೆ ಆಂಟೆನಾ. ಹಾಗಿರುವಾಗ ಅದೇ ಕದಡಿದ ಆಕಾಶವನ್ನು ಕನ್ನಡಿ ಮಾಡಿಕೊಂಡು ಇವರು ನೋಡುವುದು ಹೇಗೆ? ಉತ್ತರದಿಕ್ಕು ಅವರೇ, ಇದಕ್ಕೆ ಬೇರೆ ಚರ್ಚೆ ಶುರು ಮಾಡಿ. ನಾನು ಇವತ್ತು ರಾತ್ರಿ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿಕೊಂಡು ಬರುತ್ತೇನೆ.